ಎಡ ಚಕ್ರದ ಐದು ನಟ್ಟುಗಳು

ಮೊನ್ನೆ ಶ್ರೀರಂಗಪಟ್ಟಣದ ಛತ್ರವೊಂದರಲ್ಲಿ ನೆಂಟರ ಮದುವೆ. ಊಟಕ್ಕೆ ಇನ್ನೂ ಹೊತ್ತಿತ್ತು. ಮದುಮಗಳ ಕೋಣೆಯ ಬಾಗಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಒಳಗೆ ಹೆಣ್ಣುಮಕ್ಕಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅಡುಗೆಮನೆಯ ಒಗ್ಗರಣೆ ವಾಸನೆಯೂ ಮರೆತುಹೋಯಿತು. ನಾಗಮಂಗಲದ ಒಂದು ತಗಡಿನ ಶೆಡ್ಡು, ಅದರೊಳಗೆ ಜಾಕಿನ ಮೇಲೆ ನಿಂತ ಹಸಿರು ಜೀಪು, ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕ, ಇಷ್ಟೂ ಕಣ್ಣ ಮುಂದೆ ಬಂದವು. ಪಕ್ಕದಲ್ಲಿ ಕೂತಿದ್ದವರು, "ಯಾಕೆ, ಒಬ್ಬರೇ ನಗ್ತಾ ಇದೀರಿ?" ಎಂದರು. ನಗುವಂಥದ್ದೇನಲ್ಲ ಅದು. ನನ್ನ ಬದುಕಿನಲ್ಲಿ ನಾನು ಅತಿ ಹೆಚ್ಚು ನಾಚಿಕೆಪಟ್ಟ ಬೇಸಿಗೆ.

ನಾನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೂದಲು ನೆರೆಸಿಕೊಂಡವನು. ಖೊಟ್ಟಿ ಸೀಲು, ತಿದ್ದಿದ ಸರ್ವೆ ನಂಬರು, ಸತ್ತವರ ಹೆಬ್ಬೆಟ್ಟು, ಇವನ್ನೆಲ್ಲ ದೂರದಿಂದಲೇ ವಾಸನೆ ಹಿಡಿಯುತ್ತಿದ್ದೆ. ಅಭ್ಯಾಸ ಮನೆಗೂ ಬಂತು. ಹಾಲಿನವನು ನಕ್ಕರೆ ಹಾಲಿಗೆ ನೀರು ಹಾಕಿದ್ದಾನೆ ಎಂದುಕೊಳ್ಳುತ್ತಿದ್ದೆ, ನಗದಿದ್ದರೆ ಜಾಸ್ತಿ ಹಾಕಿದ್ದಾನೆ ಎಂದುಕೊಳ್ಳುತ್ತಿದ್ದೆ. ನಿವೃತ್ತಿಯಾಗಿ ಪಾಂಡವಪುರದ ಮನೆಯಲ್ಲಿ ಕೂತ ಮೇಲೆ ಅನುಮಾನಪಡಲು ಹೊಸಬರು ಸಿಗದೆ ಬೇಜಾರಾಗಿತ್ತು. ಆಗ ಜಯಮ್ಮಕ್ಕ ಫೋನು ಮಾಡಿದಳು.

ಜಯಮ್ಮಕ್ಕ ನನ್ನ ಒಬ್ಬಳೇ ಅಕ್ಕ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಹೇಮಗಿರಿಗೆ ಹತ್ತಿರದ ಹಳ್ಳಿಗೆ ಕೊಟ್ಟಿದ್ದು. ಭಾವ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದವರು. ಲಡಾಖಿನ ಒಂದು ಎತ್ತರದ ಕಣಿವೆ ದಾರಿಯಲ್ಲಿ ಎರಡು ವರ್ಷ ಜೀಪು ಓಡಿಸಿದ್ದರಂತೆ. ನಿವೃತ್ತಿಯಾಗಿ ಬಂದವರು ಹರಾಜಿನಲ್ಲಿ ಅದೇ ಮಾದರಿಯ ಹಳೇ ಜೀಪೊಂದನ್ನು ಹಿಡಿದು ತಂದರು. ಊರಿನ ಹಾಲಿನ ಕ್ಯಾನು ಡೇರಿಗೆ, ಹೆರಿಗೆ ನೋವಿನ ಹೆಂಗಸರು ಆಸ್ಪತ್ರೆಗೆ, ಎಲ್ಲ ಅದರಲ್ಲೇ. ನನಗೆ ನಾಲೆ ಏರಿಯ ಮೇಲೆ ಗಾಡಿ ಓಡಿಸಲು ಕಲಿಸಿದ್ದೂ ಅವರೇ, ಅದರಲ್ಲೇ. ಆದರೆ ನಟ್ಟು ಬಿಚ್ಚುವ ಪಾನಾ ಹಿಡಿಯುವ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. "ಒಂದ್ ದಪ ನಿನ್ನ ಆ ದಾರಿಗೆ ಕರ್ಕೊಂಡೋಯ್ತೀನಿ ಕಣೇ" ಎಂದು ಅಕ್ಕನಿಗೆ ಹೇಳುತ್ತಲೇ ಇದ್ದರು. ಹೇಳುತ್ತಲೇ ಹೋಗಿಬಿಟ್ಟರು. ಜೀಪು ತೆಂಗಿನಗರಿಯ ಚಪ್ಪರದ ಕೆಳಗೆ ಒಂಬತ್ತು ವರ್ಷ ನಿಂತಿತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಟ್ಟವು.

"ಪುಟ್ಟರಾಜ, ಮಂಡಿ ನೋವು ಜಾಸ್ತಿ ಆಯ್ತಾ ಅದೆ. ಈ ವರ್ಸ ಓಗ್ನಿಲ್ಲ ಅಂದ್ರೆ ಇನ್ಯಾವತ್ತೂ ಓಗಕಾಗಲ್ಲ," ಎಂದಳು ಅಕ್ಕ. "ಇಮಾನ ಗಿಮಾನ ನಂಗ್ಬೇಡ. ಅವರ ಜೀಪಲ್ಲೇ ಓಗ್ಬೇಕು. ನೀನು ಓಡಿಸ್ತೀಯಾ ಇಲ್ವಾ, ಅಷ್ಟೇಳು."

ಹ್ಞೂಂ ಎಂದೆ. ಆ ದಾರಿಯ ಹಿಮ ಕರಗಿ ಗಾಡಿಗಳನ್ನು ಬಿಡುವುದು ಬೇಸಿಗೆ ಕಳೆಯುವ ಹೊತ್ತಿಗೆ. ಜೂನ್ ಮೊದಲ ವಾರ ಹೊರಡಬೇಕು ಎಂದು ತೀರ್ಮಾನವಾಯಿತು. ಆಗಿನ್ನೂ ಶಿವರಾತ್ರಿ ಮುಗಿದಿತ್ತಷ್ಟೆ.

ಜೀಪಿನ ರಿಪೇರಿಗೆ ಭಾವನವರು ನಂಬುತ್ತಿದ್ದದ್ದು ಒಬ್ಬನೇ ಒಬ್ಬನನ್ನು, ನಾಗಮಂಗಲದ ಕಾಳಾಚಾರಿಯನ್ನು. ಅರವತ್ತು ದಾಟಿದ ಮನುಷ್ಯ, ಎಲುಬಿನ ಮೇಲೆ ಚರ್ಮ ಹೊದಿಸಿದ ಹಾಗೆ. ಅವರ ಮನೆತನದ ಕೆಲಸ ಕಂಚು ಎರೆಯುವುದು. ತಂದೆ ಗಂಟೆ, ದೀಪ, ವಿಗ್ರಹ ಎರೆಯುತ್ತಿದ್ದರು. ಮಗ ಮೋಟಾರಿನ ಕಡೆ ತಿರುಗಿದ. ಆದರೂ ಶೆಡ್ಡಿನ ಹಿಂದೆ ತಂದೆಯ ಕುಲುಮೆಯನ್ನು ಹಾಗೇ ಇಟ್ಟುಕೊಂಡಿದ್ದ. ಹಳೇ ಗಾಡಿಗೆ ಸಿಗದ ಕಂಚಿನ ಸಾಮಾನು ಬೇಕಾದರೆ ತಾನೇ ಅಚ್ಚು ಮಾಡಿ ಎರೆಯುತ್ತಿದ್ದ. ನಟ್ಟು ಬಿಗಿ ಮಾಡಲು ಅಳತೆಯ ಪಾನಾ ಬಳಸುತ್ತಿರಲಿಲ್ಲ. ಕೈ ಅಂದಾಜು. ಪಾನಾ ಹಿಡಿದು ಕಣ್ಣು ಮುಚ್ಚಿ ಒತ್ತುತ್ತಿದ್ದ. ಎಲ್ಲೋ ಒಂದು ಕಡೆ ನಿಲ್ಲಿಸಿ, "ಸಾಕು, ಇದಕ್ಕಿಷ್ಟೇ," ಎನ್ನುತ್ತಿದ್ದ.

ಇದು ನನಗೆ ಹಿಡಿಸಲಿಲ್ಲ. ಲೆಕ್ಕವಿಲ್ಲದ ಕೆಲಸ ಯಾರದ್ದೇ ಆದರೂ ನನಗೆ ಅನುಮಾನ. ಅದೂ ಅಲ್ಲದೆ, ಇಂಥ ಹಳೇ ಮಿಲಿಟರಿ ಜೀಪುಗಳ ಮೂಲ ಸಾಮಾನಿಗೆ ಬೆಂಗಳೂರಿನಲ್ಲಿ ಹುಚ್ಚರಂತೆ ಹುಡುಕುವವರಿದ್ದಾರೆ ಎಂದು ಕೇಳಿದ್ದೆ. ಒಳ್ಳೆಯದನ್ನು ಬಿಚ್ಚಿಕೊಂಡು ಕೆಟ್ಟದ್ದನ್ನು ಹಾಕಿದರೆ ನಮಗೇನು ಗೊತ್ತಾಗುತ್ತದೆ? ಅದಕ್ಕೇ ಜೀಪನ್ನು ಲಾರಿಗೆ ಏರಿಸುವ ಮುನ್ನ ಒಂದು ಉಪಾಯ ಮಾಡಿದೆ. ಮಗಳು ಗಂಡನ ಮನೆಗೆ ಹೋಗುವಾಗ ಬಿಟ್ಟುಹೋಗಿದ್ದ ಗುಲಾಬಿ ಬಣ್ಣದ ನೈಲ್ ಪಾಲಿಶ್ ಬಾಟಲಿ ತೆಗೆದುಕೊಂಡು, ಕಾರ್ಬೊರೇಟರು, ಡೈನಮೊ, ರೇಡಿಯೇಟರು, ಕೈಗೆ ಸಿಕ್ಕಿದ್ದಕ್ಕೆಲ್ಲ ಮರೆಯಲ್ಲಿ ಒಂದೊಂದು ಚುಕ್ಕೆ ಇಟ್ಟೆ. ಪುಸ್ತಕದಲ್ಲಿ ಬರೆದುಕೊಂಡೆ. ಅಕ್ಕನಿಗೆ ಹೇಳಲಿಲ್ಲ.

ಹದಿನೈದು ದಿನ ಬಿಟ್ಟು ಹೋಗಿ ನೋಡುತ್ತೇನೆ, ಒಂದು ಚುಕ್ಕೆಯೂ ಇಲ್ಲ. ಅಷ್ಟನ್ನೂ ಬದಲಾಯಿಸಿಬಿಟ್ಟನೇ ಇವನು? ಮುಖದಲ್ಲಿ ಏನೂ ತೋರಿಸಿಕೊಳ್ಳದೆ ನಿಂತಿದ್ದೆ. ಕಾಳಾಚಾರಿ ಬೀಡಿ ಹಚ್ಚುತ್ತಾ ತಾನಾಗಿಯೇ ಹೇಳಿದ.

"ಗಾಡಿಗೆಲ್ಲಾ ಯಾವ್ದೋ ಮಗು ಉಗುರ್ ಬಣ್ಣ ಬಳ್ದಿತ್ತು ಸಾರ್. ತಿನ್ನರ್ ಹಾಕಿ ತೊಳ್ದಾಕ್ದೆ. ಮಕ್ಳು ಅಲ್ವಾ, ಬಯ್ಯಕ್ಕೋಗ್ಬೇಡಿ."

ಅದನ್ನು ಹೇಳುವಾಗ ಅವನ ಮುಖದಲ್ಲಿ ನಗು ಇತ್ತೋ ಇರಲಿಲ್ಲವೋ ಎಂದು ಬಹಳ ದಿನ ಯೋಚಿಸಿದೆ. ಬೀಡಿಯ ಹೊಗೆ ಅಡ್ಡ ಇತ್ತು.

ಆ ಬೇಸಿಗೆ ಬಿಸಿಲೋ ಬಿಸಿಲು. ಕಬ್ಬು ಕಡಿದ ಗದ್ದೆಗಳಲ್ಲಿ ತರಗು ಸುಟ್ಟ ಕಪ್ಪು ಬೂದಿ ಗಾಳಿಗೆ ಏಳುತ್ತಿತ್ತು. ನಾಲೆಗೆ ನೀರು ನಿಲ್ಲಿಸಿದ್ದರು. ನಾನು ವಾರಕ್ಕೆರಡು ಸಲ ಪಾಂಡವಪುರದಿಂದ ನಾಗಮಂಗಲಕ್ಕೆ ಬಸ್ಸಿನಲ್ಲಿ ಹೋಗಿ ಶೆಡ್ಡಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕೂರುತ್ತಿದ್ದೆ. ಕಾಳಾಚಾರಿ ಎಂಜಿನ್ನು ಇಳಿಸಿದ, ಸ್ಪ್ರಿಂಗಿನ ಪಟ್ಟಿಗಳನ್ನು ಕಟ್ಟಿಸಿದ, ಬ್ರೇಕಿನ ಪೈಪುಗಳನ್ನೆಲ್ಲ ಹೊಸದು ಹಾಕಿದ. ಎತ್ತರಕ್ಕೆ ಹೋದಾಗ ಗಾಳಿ ತೆಳುವಾಗಿ ಎಂಜಿನ್ನು ಏದುಸಿರು ಬಿಡುತ್ತದೆ ಎಂದು ಕಾರ್ಬೊರೇಟರಿಗೆ ಏನೋ ಚಿಕ್ಕ ತೂತಿನ ಸಾಮಾನು ಹುಡುಕಿ ಇಟ್ಟ. ಒಂದು ದಿನ ಕಪ್ಪು ಕನ್ನಡಕದ ಬೆಂಗಳೂರಿನವನೊಬ್ಬ ಬಂದು ಜೀಪಿನ ಸುತ್ತ ತಿರುಗಿ ಫೋಟೊ ಹೊಡೆದುಕೊಂಡು ಹೋದ. ಯಾರು ಎಂದು ಕೇಳಿದೆ. "ಗೊತ್ತಿಲ್ಲ ಸಾರ್, ಬತ್ತಿರ್ತಾರೆ," ಎಂದ ಕಾಳಾಚಾರಿ. ನನಗೆ ಅಷ್ಟೇ ಸಾಕಾಯಿತು. ಅವತ್ತಿನಿಂದ ವಾರಕ್ಕೆ ಮೂರು ಸಲ ಹೋದೆ.

ಹಳ್ಳಿಯಲ್ಲಿ ಅಕ್ಕ ಹುರಿಹಿಟ್ಟು ಮಾಡಿದಳು, ಹುರುಳಿಕಾಳಿನ ಚಟ್ನಿಪುಡಿ ಕುಟ್ಟಿಸಿದಳು. ಭಾವನವರ ಮಿಲಿಟರಿ ಕೋಟನ್ನು ಬಿಸಿಲಿಗೆ ಹಾಕಿ, ತನ್ನ ಅಳತೆಗೆ ಹಿಡಿಸಿ ಹೊಲಿದುಕೊಂಡಳು. ಮಂಡಿ ಗಟ್ಟಿಯಾಗಲಿ ಎಂದು ಬೆಳಗ್ಗೆ ತೋಟದವರೆಗೆ ನಡೆದು ಬರುತ್ತಿದ್ದಳಂತೆ.

ಮೇ ತಿಂಗಳ ನಡುವಿನಲ್ಲಿ ಜೀಪು ತಯಾರಾಯಿತು. ನಾನೇ ಓಡಿಸಿಕೊಂಡು ಅಕ್ಕನ ಮನೆಗೆ ಬಂದೆ. ಕಾಳಾಚಾರಿಗೆ ಒಂದು ಕ್ರಮವಿತ್ತು. ಗಾಡಿಯಿಂದ ಬಿಚ್ಚಿದ ಹಳೇ ಸಾಮಾನನ್ನು ಒಂದೂ ಬಿಡದೆ ಗೋಣಿಚೀಲಕ್ಕೆ ತುಂಬಿ ಯಜಮಾನರಿಗೆ ಒಪ್ಪಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಆ ಚೀಲ ಬಂದಿತ್ತು. ಅಂಗಳದಲ್ಲಿ ಸುರಿದು ಪುಸ್ತಕ ಹಿಡಿದು ತಾಳೆ ನೋಡಿದೆ. ಎಲ್ಲ ಇತ್ತು, ಒಂದು ಬಿಟ್ಟು. ಎಡಗಡೆಯ ಮುಂದಿನ ಚಕ್ರದ ಒಳಗೆ ಒಂದು ಕಂಚಿನ ಬಳೆ ಇರುತ್ತದೆ, ಬುಷ್ ಎನ್ನುತ್ತಾರೆ. ಅದು ಸವೆದಿದೆ, ಬದಲಾಯಿಸುತ್ತೇನೆ ಎಂದಿದ್ದ. "ಇಂತಾ ಕಂಚು ಈಗ ಸಿಕ್ಕಲ್ಲ ಸಾರ್" ಎಂದು ಅದನ್ನು ಬೆಳಕಿಗೆ ಹಿಡಿದು ಹೊಗಳಿದ್ದನ್ನೂ ಕೇಳಿದ್ದೆ. ಆ ಹಳೇ ಬುಷ್ ಚೀಲದಲ್ಲಿ ಇರಲಿಲ್ಲ.

ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ. ಹೊಸದು ಹಾಕಿಯೇ ಇಲ್ಲ, ಅಥವಾ ಹಾಕಿ ಹಳೆಯದನ್ನು ಕನ್ನಡಕದವನಿಗೆ ಕೊಟ್ಟಿದ್ದಾನೆ. ಫೋನು ಮಾಡಿ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೇಳಿ ತಿಳಿದುಕೊಳ್ಳುವುದು ನನ್ನ ಜಾಯಮಾನವಲ್ಲ, ಹಿಡಿದು ತೋರಿಸಬೇಕು. ಅಕ್ಕ ಊಟ ಮಾಡಿ ಮಲಗಿದ್ದ ಮಧ್ಯಾಹ್ನ ಎಡಚಕ್ರ ಬಿಚ್ಚಲು ಕೂತೆ. ಚಕ್ರ ತೆಗೆದ ಮಾತ್ರಕ್ಕೆ ಆ ಬುಷ್ ಕಾಣುವುದಿಲ್ಲ, ಇನ್ನೂ ಎಷ್ಟೋ ಬಿಚ್ಚಬೇಕು ಎನ್ನುವುದೂ ನನಗೆ ಗೊತ್ತಿರಲಿಲ್ಲ.

ನಟ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಲೋಕದ ಎಲ್ಲ ನಟ್ಟಿನ ಹಾಗೆ ಎಡಕ್ಕೆ ತಿರುಗಿಸಿದೆ. ಮೇಲೆ ನಿಂತು ತುಳಿದೆ. ಕೊನೆಗೆ ಕೊಟ್ಟಿಗೆಯಲ್ಲಿದ್ದ ನೀರಿನ ಪೈಪಿನ ತುಂಡನ್ನು ಪಾನಾದ ಹಿಡಿಗೆ ಸಿಕ್ಕಿಸಿ, ಅದರ ತುದಿಗೆ ಮೈಭಾರವನ್ನೆಲ್ಲ ಬಿಟ್ಟೆ. ಕಿರ್ ಎಂದು ಅರ್ಧ ಸುತ್ತು ಬಂದು ಮತ್ತೆ ನಿಂತಿತು. ಐದಕ್ಕೆ ಐದೂ ಹಾಗೇ. ಇಷ್ಟು ಬಿಗಿ ಮಾಡಿದ್ದಾನೆಂದರೆ ಒಳಗೆ ಏನನ್ನೋ ಮುಚ್ಚಿಟ್ಟಿರಲೇಬೇಕು ಎಂದು ಬೆವರು ಒರೆಸಿಕೊಂಡೆ. ಪೈಪನ್ನು ಕೊಟ್ಟಿಗೆಗೆ ಹಾಕಿ ಕೈ ತೊಳೆದುಕೊಂಡೆ.

ಮೂರು ದಿನ ಬಿಟ್ಟು ಪ್ರಯಾಣದ ತಾಲೀಮು. ನೀರಿನ ಕ್ಯಾನು, ಪೆಟ್ರೋಲ್ ಕ್ಯಾನು, ಹಾಸಿಗೆ, ಹುರಿಹಿಟ್ಟಿನ ಡಬ್ಬ ಎಲ್ಲ ತುಂಬಿಕೊಂಡು, ಪೂರ್ತಿ ಭಾರದಲ್ಲಿ ಜಕ್ಕನಹಳ್ಳಿ ಕಡೆಯಿಂದ ಮೇಲುಕೋಟೆ ಬೆಟ್ಟ ಹತ್ತಿಸಿ ನೋಡುವುದೆಂದು ಹೊರಟೆವು. ಅಕ್ಕ ಭಾವನವರ ಕೋಟು ಹಾಕಿಕೊಂಡು ನನ್ನ ಎಡಕ್ಕೆ ಕೂತಿದ್ದಳು. ಆ ಬಿಸಿಲಿನಲ್ಲೂ ಕೋಟು. ಏರಿನಲ್ಲಿ ಎಂಜಿನ್ನು ಗಂಭೀರವಾಗಿ ಗುಡುಗುತ್ತಿತ್ತು. ಅಕ್ಕನ ಮುಖ ಮದುವೆಯಾದ ಹೊಸತರಲ್ಲಿದ್ದಂತೆ ಆಗಿತ್ತು.

ಎರಡನೇ ತಿರುವಿನಲ್ಲಿ ಎಡಗಡೆಯಿಂದ ಟಕ್ ಟಕ್ ಸದ್ದು. ಆಮೇಲೆ ಫಟ್ ಎಂದು ಏನೋ ಮುರಿಯಿತು, ಹಿಂದೆಯೇ ಇನ್ನೊಂದು. ಸ್ಟಿಯರಿಂಗು ಕೈಯಿಂದ ಕಿತ್ತುಕೊಂಡು ಜೀಪು ಎಡಕ್ಕೆ ವಾಲಿತು. ಎಡಕ್ಕೆ ಇಳಿಜಾರು. ಬ್ರೇಕ್ ಹಿಡಿಯಿತು. ಕಾಳಾಚಾರಿ ಹಾಕಿದ ಹೊಸ ಬ್ರೇಕು ಹಿಡಿದದ್ದರಿಂದ ಇವತ್ತು ಇದನ್ನು ಬರೆಯುತ್ತಿದ್ದೇನೆ. ರಸ್ತೆ ಬದಿಯ ಗುಂಡುಕಲ್ಲಿಗೆ ಒರಗಿ ನಿಂತೆವು. ಅಕ್ಕನ ಮುಂಗೈ ತಗಡಿಗೆ ತರಚಿ ರಕ್ತ. ಇಳಿದು ನೋಡಿದರೆ ಚಕ್ರ ಕೂರಿಸುವ ಐದು ಬೋಲ್ಟಿನಲ್ಲಿ ಮೂರು ಮುರಿದುಹೋಗಿದ್ದವು.

ಫೋನು ಮಾಡಿದೆ. ಮುಕ್ಕಾಲು ಗಂಟೆಗೆಲ್ಲ ಕಾಳಾಚಾರಿ ತನ್ನ ಹಳೇ ಲೂನಾದಲ್ಲಿ ಬಂದ. ಮೊದಲು ಅಕ್ಕನ ಕೈ ನೋಡಿದ, ಆಮೇಲೆ ಚಕ್ರ. ಉಳಿದ ನಟ್ಟೊಂದನ್ನು ಬಲಕ್ಕೆ ತಿರುಗಿಸಿ ಬಿಚ್ಚಿದ. ಹೌದು, ಬಲಕ್ಕೆ. ಅದನ್ನು ಅಂಗಿಯ ತುದಿಯಿಂದ ಒರೆಸಿದಾಗ ಮೇಲೆ ಕೆತ್ತಿದ್ದ ಇಂಗ್ಲಿಷಿನ ಸಣ್ಣ 'ಎಲ್' ಅಕ್ಷರ ಹೊಳೆಯಿತು. ಆ ಕಾಲದ ಜೀಪುಗಳಲ್ಲಿ ಎಡಗಡೆಯ ಚಕ್ರಗಳ ನಟ್ಟು ತಿರುಗುಮುರುಗು. ಎಡಕ್ಕೆ ತಿರುಗಿಸಿದರೆ ಬಿಗಿ, ಬಲಕ್ಕೆ ತಿರುಗಿಸಿದರೆ ಸಡಿಲ. ಬಿಚ್ಚುತ್ತೇನೆಂದು ಪೈಪು ಹಾಕಿ ನಾನು ಬೋಲ್ಟುಗಳನ್ನು ಬಿಗಿದು ಜಗ್ಗಿ ಸಾಯಿಸಿದ್ದೆ. ಖೊಟ್ಟಿ ಸೀಲಿನ ಒಂದು ಚುಕ್ಕೆ ತಪ್ಪಿದರೂ ಹಿಡಿಯುತ್ತಿದ್ದವನಿಗೆ ನಟ್ಟಿನ ಮೇಲಿನ ಅಕ್ಷರ ಕಂಡಿರಲಿಲ್ಲ.

"ಸಾರ್, ಇದುನ್ನ ಯಾರಾರೂ ಬಿಚ್ಚಿದ್ರಾ?" ಎಂದು ಕೇಳಿದ.

"ಇಲ್ಲ," ಎಂದೆ.

ಸುಳ್ಳಲ್ಲ ನೋಡಿ. ಬಿಚ್ಚಿರಲಿಲ್ಲ, ಬಿಚ್ಚಲು ಹೋಗಿದ್ದೆ. ಮೂವತ್ತು ವರ್ಷ ಕಡತಗಳ ಮಧ್ಯೆ ಇದ್ದವನಿಗೆ ಇಂಥ ವಾಕ್ಯ ಬಾಯಿಗೆ ತಾನಾಗಿ ಬರುತ್ತದೆ.

ಕಾಳಾಚಾರಿ ಮುರಿದ ಬೋಲ್ಟನ್ನು ಬಹಳ ಹೊತ್ತು ನೋಡಿದ. "ಅಂಗಾದ್ರೆ ನಂದೇ ತೆಪ್ಪು. ಅತಿ ಬಿಗಿ ಆಗೋಗದೆ," ಎಂದ.

"ನಿನ್ನ ನಂಬ್ಕಂಡು ಅಷ್ಟು ದೂರ ಒಂಟಿದ್ದೆ ಕಣಪ್ಪಾ ಆಚಾರಿ," ಎಂದಳು ಅಕ್ಕ. ಬಯ್ಯಲಿಲ್ಲ. ಅಷ್ಟೇ ಅಂದು ಕೋಟು ಬಿಚ್ಚಿ ಮಡಚಿದಳು. ಅವನು ತಲೆ ತಗ್ಗಿಸಿದ. ನಾನು ಬೆಟ್ಟದ ಕಡೆ ನೋಡುತ್ತಾ ನಿಂತಿದ್ದೆ.

ಜೀಪು ಮತ್ತೆ ನಾಗಮಂಗಲಕ್ಕೆ ಹೋಯಿತು. ಎರಡು ದಿನದ ಕೆಲಸ. ವಾರವಾದರೂ ಸುದ್ದಿಯಿಲ್ಲ. ಮುಂಗಾರಿಗೆ ಮೊದಲಿನ ಮಳೆ ಎರಡು ಸಲ ಗುಡುಗಿ ಸುರಿದುಹೋಯಿತು. ಹೊರಡಲು ಹನ್ನೆರಡು ದಿನ ಇತ್ತು. ಅಕ್ಕ ಫೋನಿನಲ್ಲಿ, "ಓಗ್ಲಿ ಬುಡ್ಲಾ. ಗಾಡಿನ ಯಾರ್ಗಾರೂ ಕೊಟ್ಬುಡಾನ. ನಂಗೆ ಯೋಗ ಇಲ್ಲ," ಎಂದಳು. ಅವಳ ದನಿ ಒಣಗಿತ್ತು.

ಬಸ್ಸು ಹತ್ತಿ ಹೋದೆ. ಆಗಲೂ ನನ್ನ ಮನಸ್ಸಿನಲ್ಲಿ ಇದ್ದದ್ದು ಆ ಬುಷ್. ತಪ್ಪು ನನ್ನದಿರಬಹುದು, ಆದರೆ ಇವನೂ ಕಳ್ಳ ಎಂದು ಗೊತ್ತಾದರೆ ಇಬ್ಬರಿಗೂ ಸರಿಹೋಯಿತಲ್ಲ ಎಂಬ ಲೆಕ್ಕಾಚಾರ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ.

ಶೆಡ್ಡಿನಲ್ಲಿ ಜೀಪು ಇರಲಿಲ್ಲ. ಜೀಪಿನ ಸಾಮಾನಿತ್ತು. ನಾಲ್ಕೂ ಚಕ್ರ, ಎಂಜಿನ್ನು, ಸ್ಪ್ರಿಂಗು, ಎಲ್ಲವನ್ನೂ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕಾಳಾಚಾರಿ ನಡುವೆ ಕೂತಿದ್ದ. ಬೇರೆ ಗಿರಾಕಿಗಳ ಗಾಡಿಗಳನ್ನು ವಾಪಸು ಕಳಿಸಿದ್ದನಂತೆ.

"ಇದೇನು ಆಚಾರ್ರೇ?" ಎಂದೆ.

"ಅಲ್ಲಿ ತೆಪ್ಪಿರೋ ಕೈ ಇನ್ನೆಲ್ಲೆಲ್ಲಿ ತೆಪ್ಪದೋ ಸಾರ್. ಅದ್ಕೇ ಪ್ರತಿಯೊಂದುನ್ನೂ ಬಿಚ್ಚಿ ನೋಡ್ತಾ ಇವ್ನಿ." ಬಲಗೈಯ ಅಂಗೈಯನ್ನು ತಿರುಗಿಸಿ ನೋಡಿಕೊಂಡ. "ಬೇರೆ ಯಾವ್ದೂ ಬಿಗಿ ಎಚ್ಚಾಗಿಲ್ಲ. ಅದೊಂದೇ. ಎಂಗಾಯ್ತು ಅಂತ ತಿಳೀತಿಲ್ಲ. ನಲವತ್ತು ವರ್ಸದಿಂದ ಈ ಕೈಯಲ್ಲೇ ಅಂದಾಜು ಮಾಡಿದ್ದು. ವಯಸ್ಸಾಯ್ತು ಅಂತ ಕಾಣ್ತದೆ. ಗಾಡಿ ಕಟ್ಟಿ ಕೊಟ್ಬುಟ್ಟು ಬಾಗ್ಲು ಆಕ್ಬುಡ್ತೀನಿ."

ನೆಲದ ಮೇಲೆ ಆ ಎಡಚಕ್ರದ ಬುಷ್ ಇತ್ತು, ಹೊಸದು, ಹಳದಿಗೆ ಹೊಳೆಯುತ್ತಿತ್ತು. ಹಳೆಯದೆಲ್ಲಿ ಎಂದು ಕೇಳಿಯೇಬಿಟ್ಟೆ.

"ಅದ್ರೊಳ್ಗೇ ಅದೆ ಸಾರ್," ಎಂದ, ನಾನು ಕೇಳಿದ್ದೇ ವಿಚಿತ್ರ ಎನ್ನುವಂತೆ. "ನಮ್ಮಪ್ಪ ಅಳೇ ಕಂಚು ಕರಗಿಸಿ ಸೇರಿಸ್ದೆ ಒಸದು ಎರೀತಿರ್ನಿಲ್ಲ. ನಾನೂ ಅಂಗೇ. ನಿಮ್ ಭಾವೋರು ಅಷ್ಟು ವರ್ಸ ತಿರುಗ್ಸಿರೋ ಕಂಚು ಅದು. ಬಿಸಾಕಕೆ ಮನ್ಸಾಗ್ನಿಲ್ಲ."

ಸ್ಟೂಲಿನ ಮೇಲೆ ಕೂತೆ. ಆ ಕೈಯನ್ನು ಅವನು ಮತ್ತೊಮ್ಮೆ ತಿರುಗಿಸಿ ನೋಡಿಕೊಂಡಿದ್ದರೆ ನಾನು ಅತ್ತುಬಿಡುತ್ತಿದ್ದೆ.

"ಆಚಾರ್ರೇ, ಆ ನಟ್ಟು ಬಿಗಿ ಮಾಡಿದ್ದು ನೀವಲ್ಲ. ನಾನು. ಬುಷ್ ಕದ್ದಿದ್ದೀರಿ ಅಂತ ಅನುಮಾನಪಟ್ಟು ಚಕ್ರ ಬಿಚ್ಚೋಕೆ ಹೋಗಿದ್ದೆ. ಎಡಕ್ಕೆ ತಿರುಗಿಸಿದೆ. ಬೆಟ್ಟದಲ್ಲಿ ಕೇಳಿದಾಗ ಇಲ್ಲ ಅಂದೆ."

ಅವನು ಬಯ್ಯಲಿ, ಪಾನಾ ಎಸೆಯಲಿ ಎಂದು ಕಾದೆ.

"ಪೈಪ್ ಆಕಿದ್ರಾ?"

"ಹ್ಞೂಂ."

"ಎಷ್ಟುದ್ದ?"

ತೋಳು ಚಾಚಿ ತೋರಿಸಿದೆ. ಕಾಳಾಚಾರಿ ತನ್ನ ಬಲಗೈಯನ್ನು ನೋಡಿಕೊಂಡ, ಬೆರಳುಗಳನ್ನು ಮಡಚಿ ಬಿಡಿಸಿದ.

"ಅಂಗಾದ್ರೆ ಕೈ ಸರ್ಯಾಗೇ ಅದೆ," ಎಂದ. ಅವನ ಮುಖದಲ್ಲಿ ಕೋಪ ಹುಡುಕಿದೆ. ಸಿಕ್ಕಲಿಲ್ಲ. ಅವನಿಗೆ ಆ ಹೊತ್ತಿನಲ್ಲಿ ನಾನು ಮುಖ್ಯನೇ ಆಗಿರಲಿಲ್ಲ. ಎದ್ದು ಮುಖ ತೊಳೆದುಕೊಂಡು ಬಂದು ಜೀಪು ಕಟ್ಟಲು ಶುರುಮಾಡಿದ. ಅವತ್ತೇ ಅಕ್ಕನ ಹಳ್ಳಿಗೆ ಹೋಗಿ ಅವಳಿಗೂ ಹೇಳಿದೆ. ಅಕ್ಕ ಕೇಳಿಸಿಕೊಂಡು, "ಆ ಮನ್ಸ ನನ್ ಮುಂದೆ ತಲೆ ತಗ್ಗಿಸ್ಕಂಡು ನಿಂತಿದ್ನಲ್ಲೋ, ನಿಂಗೆ ಬಾಯಿ ಬರ್ನಿಲ್ವೇನ್ಲಾ?" ಎಂದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬಸ್ಸಿನಲ್ಲಿ ನಾಗಮಂಗಲಕ್ಕೆ ಹೋಗಿ ಕಾಳಾಚಾರಿಗೆ ಒಂದು ಡಬ್ಬ ಹುರಿಹಿಟ್ಟು ಕೊಟ್ಟು ಬಂದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಜೀಪು ಸಿದ್ಧವಾಯಿತು, ಎಡಗಡೆಯ ಮುಂದಿನ ಚಕ್ರ ಒಂದನ್ನು ಬಿಟ್ಟು. ಕಾಳಾಚಾರಿ ಪಾನಾ ತಂದು ನನ್ನ ಕೈಗೆ ಕೊಟ್ಟ. "ದಾರೀಲಿ ಪಂಚರ್ ಆದ್ರೆ ನಾನಿರಕಿಲ್ಲ ಸಾರ್. ನೀವೇ ಆಕಿ."

ಹಾಕಿದೆ. ಎಡಕ್ಕೆ ತಿರುಗಿಸಿ, ಪೈಪಿಲ್ಲದೆ, ಕಣ್ಣು ಮುಚ್ಚಿ. ಅವನು ಹೇಳಿಕೊಟ್ಟಂತೆ, ನಟ್ಟು ಸಾಕು ಎನ್ನುವವರೆಗೆ. ಮುಗಿಸಿದಾಗ ಅಂಗಿ ಒದ್ದೆಯಾಗಿತ್ತು. ಅವನು ಪಾನಾ ತೆಗೆದುಕೊಂಡು, "ಟೀ ಕುಡ್ಕಂಡ್ ಬನ್ನಿ ಸಾರ್," ಎಂದ.

ನನ್ನನ್ನು ಕಳಿಸಿ ಮತ್ತೆ ತಾನೇ ಬಿಗಿ ನೋಡುತ್ತಾನೆ, ಇನ್ನೇನು. ಯಾರಾದರೂ ಮಾಡುವುದು ಅದನ್ನೇ. ನಾನಾಗಿದ್ದರೆ ಎರಡು ಸಲ ನೋಡುತ್ತಿದ್ದೆ. ಆದರೂ ಹುಟ್ಟುಗುಣ ಬಿಡಲಿಲ್ಲ. ಚೀಲದಲ್ಲಿ ಆ ಬಾಟಲಿ ಇನ್ನೂ ಇತ್ತು. ಅವನು ಕೈ ತೊಳೆಯಲು ಹೋದಾಗ ಐದೂ ನಟ್ಟಿನಿಂದ ಚಕ್ರದವರೆಗೆ ಸಣ್ಣ ಗುಲಾಬಿ ಗೆರೆ ಎಳೆದೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯಬೇಕು.

ಟೀ ಕುಡಿದೆ, ಇನ್ನೊಂದು ಟೀ ಕುಡಿದೆ. ವಾಪಸು ಬಂದು ಬಗ್ಗಿ ನೋಡಿದೆ. ಐದು ಗೆರೆಯೂ ಇದ್ದಹಾಗೇ ಇದ್ದವು.

"ಆಚಾರ್ರೇ, ನೀವು ಒಂದ್ಸಲ ನೋಡಲ್ವಾ?"

"ನೀವು ಆಕಿದ್ದೀರಲ್ಲ ಸಾರ್," ಎಂದ. ಆಮೇಲೆ ಚಕ್ರದ ಕಡೆ ಕಣ್ಣು ಹಾಯಿಸಿ, "ಆ ಮಗು ಮತ್ತೆ ಬಂದಿತ್ತು ಅಂತ ಕಾಣ್ತದೆ," ಎಂದು ಬೀಡಿ ಹಚ್ಚಿದ. ಈ ಸಲ ಅವನ ನಗು ನನಗೆ ಚೆನ್ನಾಗಿ ಕಾಣಿಸಿತು. ಗೆರೆಗಳನ್ನು ತಿನ್ನರ್ ಹಾಕಿ ತೊಳೆಯಲಿಲ್ಲ.

ಮಾರನೆಯ ಬೆಳಗ್ಗೆ ಹೊರಟೆವು. ಬೆಳ್ಳೂರು ಕ್ರಾಸಿನಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ ಇಳಿದು ಚಕ್ರ ನೋಡಿದೆ. ಆಮೇಲೆ ಪ್ರತಿ ಊರಿನಲ್ಲಿ, ಪ್ರತಿ ಟೀ ಅಂಗಡಿಯಲ್ಲಿ, ಪ್ರತಿ ಸೇತುವೆ ದಾಟಿದ ಮೇಲೆ ನೋಡಿದೆ. ಬಿಸಿಲು ಹೋಗಿ ಚಳಿ ಬಂತು, ಮರಗಳು ಮುಗಿದು ಬರೀ ಕಲ್ಲು ಬಂತು. ಹತ್ತೊಂಬತ್ತನೆಯ ದಿನ ಜೀಪು ಮೊದಲನೇ ಗೇರಿನಲ್ಲಿ ಅಳುತ್ತಾ ಆ ಕಣಿವೆಯ ತುದಿ ಹತ್ತಿತು. ಅಕ್ಕ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಇಳಿದು, ಮಂಡಿ ಹಿಡಿದುಕೊಂಡು, ದಾರಿಯ ಆಚೆಯಿಂದ ಈಚೆಗೆ ಒಂದು ಸಲ ನಡೆದಳು. ಅಲ್ಲೇ ನಿಂತು ಅತ್ತಳು. ನಾನು ಅವಳನ್ನು ಒಬ್ಬಳೇ ಬಿಟ್ಟು ಎಡಚಕ್ರದ ಹತ್ತಿರ ಹೋಗಿ ಬಗ್ಗಿದೆ. ಐದು ಗೆರೆಯೂ ನೆಟ್ಟಗಿದ್ದವು.

ಅಕ್ಕ ಕಣ್ಣೊರೆಸಿಕೊಂಡು ಹಿಂದೆ ಬಂದು ನಿಂತಿದ್ದಳು.

"ಅದೇನ್ಲಾ ಒತ್ತೊತ್ಗೂ ಬಗ್ಗಿ ಬಗ್ಗಿ ನೋಡ್ತೀಯಾ? ಆಚಾರಿ ಮ್ಯಾಲೆ ಇನ್ನೂ ಅನುಮಾನ ಓಗ್ನಿಲ್ವಾ?"

"ಆಚಾರಿ ಮೇಲಲ್ಲಕ್ಕ. ಇದನ್ನ ಹಾಕಿದ್ದು ನಾನು. ನನ್ನ ಮೇಲೆ."

"ಸದ್ಯ," ಎಂದಳು ಅಕ್ಕ, ಹತ್ತಿ ತನ್ನ ಜಾಗದಲ್ಲಿ ಕೂರುತ್ತಾ. "ಈಗ್ಲಾದ್ರೂ ಸರ್ಯಾದ ಕಳ್ಳನ್ನ ಇಡ್ದೆ."